ಬಂದೂಕ ಮಾಫ್, ಮಾಳಿಗಿ ಇಲ್ಲ

ಮಾಳಿಗಿ ಒಂದು ಹನಿನೂ ಸೋರೂದಿಲ್ಲ ಅಂತ ಮುದುಕ ಮೂರು ಸಲ ಹೇಳಿದ್ದ. ನಾನು ಕೇಳಿದ್ದು ಒಂದ ಸಲ. ಒಮ್ಮೆ ಕೇಳಿದ್ದಕ್ಕ ಮೂರು ಸಲ ಉತ್ತರ ಬಂತಂದ್ರ ಅದರಾಗ ಏನೋ ಐತಿ ಅಂತ, ಇಪ್ಪತ್ತು ವರ್ಷ ಸಾಲ್ಯಾಗ ಮಕ್ಕಳಿಗೆ ಕಲಿಸಿದ ನನಗರೆ ತಿಳೀಬೇಕಿತ್ತು. ಮಗ್ಗಿ ಬರದೀನ್ರಿ ಅಕ್ಕಾರ, ಖರೇನ ಬರದೀನ್ರಿ, ದೇವರಾಣಿ ಬರದೀನ್ರಿ ಅನ್ನೋ ಹುಡುಗ್ರ ಪಾಟಿ ಯಾವಾಗ್ಲೂ ಖಾಲಿನ ಇರತಿತ್ತು. ಆದ್ರ ಮನಿ ನೋಡಿದ ಕೂಡ್ಲೆ ನಾನು ಮರುಳಾಗಿದ್ದೆ. ದಪ್ಪ ಮಣ್ಣಿನ ಗ್ವಾಡಿ, ಮ್ಯಾಲೆ ಮಣ್ಣಿನ ಮಾಳಿಗಿ, ಬ್ಯಾಸಗ್ಯಾಗ ಫ್ಯಾನ ಬ್ಯಾಡ ಅನ್ನೂವಂಥ ತಂಪು ಪಡಸಾಲಿ. ಬಾಡಿಗಿ ಮನ್ಯಾಗ ಹನ್ನೊಂದು ವರ್ಷ ಬೆಂದಾಕಿಗೆ ಇನ್ನೇನು ಬೇಕು.

ಮುದುಕ ಅಂದ್ರ ರೋಣದಾಗ ನಮಗ ಮನಿ ಮಾರಿದವ್ರು. ಗಾದಿ ಹೊಲಿಯೋ ಚಾಚಾ ಅಂದ್ರ ಇಡೀ ಓಣಿಗೆ ಗೊತ್ತು. ಸಿಟ್ಟು ಬಂದಾಗ ನಾನು ಮುದುಕ ಅಂತೀನಿ, ಉಳಿದ ಹೊತ್ತು ಚಾಚಾ ಅಂತೀನಿ. ಮದಿವ್ಯಾಗ ನಮ್ಮವ್ವ ನನಗ ಕೊಟ್ಟ ಗಾದಿ ಹೊಲಿದವ್ರೂ ಅವ್ರ. ಮನಿ ಮಾರೂ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು. ಮನಿ ಮಾರಿ, ಗಜೇಂದ್ರಗಡದಾಗ ಮಗಳ ಕಡೆ ಹೋಗಿ ಇರೂದು, ಆ ವರ್ಷನ ಗಂಡ ಹೆಂಡ್ತಿ ಹಜ್‌ಗೆ ಹೋಗಿ ಬರೂದು ಅಂತ ಅವರ ಠರಾವು ಆಗಿತ್ತು.

ಖರೀದಿ ಪತ್ರ ನನ್ನ ಹೆಸರಿಗೆ ಆತು. ನಮ್ಮ ಮನಿಯವ್ರೂ ಮಾಸ್ತರ, ಬೆಳವಣಕಿ ಸಾಲ್ಯಾಗ ಇದ್ರು. ಭಾಳ ಒಳ್ಳೆ ಮನಷ್ಯಾ, ಯಾರರೆ ಬಂದು ಮಾಸ್ತರ ನಿಮ್ಮ ಬಾಗಲಾ ಚಲೋ ಐತಿ ಅಂದ್ರ ಕಿತ್ತು ಕೊಟ್ಟು ಕಳಸೋ ಪೈಕಿ. ಅದಕ್ಕ ಮನಿ ನನ್ನ ಹೆಸರಿಗೆ ಇರ್ಲಿ ಅಂತ ಹಟ ಹಿಡಿದಿದ್ದೆ. ಸಹಿ ಮಾಡೂ ಮೊದಲು ಪತ್ರದ ಒಂದೊಂದು ಸಾಲೂ ಜೋರಾಗಿ ಓದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ ಸಹಿತ ಮಾರಿದ್ದು ಅಂತ ಒಂದು ಸಾಲು ಬಂತು. ಇದೇನ್ರಿ ನಿಕ್ಷೇಪ ಅಂತ ಪತ್ರ ಬರಿಯವರನ್ನ ಕೇಳಿದೆ. ಗ್ವಾಡ್ಯಾಗ ಏನಾರ ಹುಗದಿಟ್ಟದ್ದು ಸಿಕ್ರ ಅದೂ ನಿಮ್ದ ಅಕ್ಕಾರ, ಬಂಗಾರದ ಕೊಡ ಸಿಕ್ರ ನಮ್ಮನ್ನ ಮರೀಬ್ಯಾಡ್ರಿ ಅಂದ್ರು. ಎಲ್ಲಾರೂ ನಕ್ಕರು. ಚಾಚಾಗ ಮಾತ್ರ ಕೆಮ್ಮು ಹತ್ತಿತು, ನಾನ ನೀರು ಕೊಟ್ಟೆ.

ಶ್ರಾವಣದಾಗ ಜಡಿಮಳಿ ಹಿಡೀತು. ಮೊದಲನೇ ದಿನ ಒಳಗಿನ ಖೋಲಿ ಮೂಲ್ಯಾಗ ಒಂದು ಹನಿ ಬಿತ್ತು, ಎರಡನೇ ದಿನ ಅಲ್ಲೆ ಬೋಗೋಣಿ ಇಟ್ಟೆ, ಮೂರನೇ ದಿನ ಗ್ವಾಡಿಗುಂಟ ನೀರು ಇಳಿದು ಗಿಲಾವು ಉಬ್ಬಿ ನಿಂತಿತು. ಆಯಿತವಾರ ಮಧ್ಯಾಹ್ನ. ಕಸಬರಗಿ ಹಿಡಕೊಂಡು ಆ ಉಬ್ಬಿದ ಗ್ವಾಡಿ ಮುಂದ ನಿಂತು ಮುದುಕನ ಏಳು ತಲಿಮಾರು ನೆನಸಿದೆ. ಬಾಯಿಲೆ ಸಾಲದ ಕಸಬರಗಿ ಹಿಂದಿನ ಬಾಜೂಲೆ ಗ್ವಾಡಿಗೊಂದು ಕೊಟ್ಟೆ. ಬುಟ್ಟಿಯಷ್ಟು ಮಣ್ಣು ಧೊಪ್ಪಂತ ಕಾಲ ಮ್ಯಾಲೆ ಬಿತ್ತು. ಹಿಂದ ಗ್ವಾಡ್ಯಾಗ ಕೊರದ ಒಂದು ಉದ್ದಾನ ಮಾಡ, ಮಾಡದಾಗ ಪಟ್ಟಾಪಟ್ಟಿ ಅರಿವ್ಯಾಗ ಸುತ್ತಿ ಹೊಲಿದ ಒಂದು ಗಂಟು.

ಬಂಗಾರ ಅಂತನ ಅನಕೊಂಡೆ, ಸುಳ್ಳ್ಯಾಕ ಹೇಳ್ಲಿ. ಮನಿಯವರನ್ನ ಕರದು, ಬಾಗಲಾ ಹಾಕಿ, ಇಬ್ಬರೂ ಕುಂತು ಹೊಲಿಗಿ ಬಿಚ್ಚಿದ್ವಿ. ಮೂರು ಹೊಲಿಗಿಗೆ ಒಂದು ಗಂಟು, ಮೂರು ಹೊಲಿಗಿಗೆ ಒಂದು ಗಂಟು. ಇಪ್ಪತ್ತು ವರ್ಷ ಮದಿವಿ ಗಾದ್ಯಾಗ ಆ ಗಂಟು ಬೆನ್ನಿಗೆ ಚುಚ್ಚಿಸಿಕೊಂಡು ಮಲಗಿದಾಕಿ ನಾನು, ಯಾರ ಕೈ ಅಂತ ಕಣ್ಣು ಮುಚ್ಚಿ ಹೇಳತಿದ್ದೆ. ಅರಿವಿ ಬಿಚ್ಚಿದ್ರ ಒಳಗ ಬಂದೂಕ. ಹಳೇ ಕಾಲದ್ದು, ಬಾಯಾಗ ಮದ್ದು ಜಡಿಯೂವಂಥಾದ್ದು. ನಳಿಗಿ ತುಕ್ಕು ಹಿಡದಿತ್ತು, ಹಿಡಿಕಿ ಅರ್ಧ ಗೆದ್ದಲಿ ತಿಂದಿತ್ತು. ನಮ್ಮ ಮನಿಯವ್ರು ಅದನ್ನ ನೋಡಿ, ನೆಲಕ್ಕ ಕುಂತಿದ್ದ ಮನಷ್ಯಾ ಇನ್ನೊಮ್ಮೆ ಕುಂತ್ರು.

ಸ್ಟೇಶನ್ನಿಗೆ ಹೋಗಿ ಕೊಟ್ಟು ಬರೂಣು ಅಂತ ಅವ್ರು ಅಂದ್ರು. ನನಗೂ ಅದ ಖರೇ ಅನಿಸ್ತು. ಚಪ್ಪಲಿ ಮೆಟ್ಟಿ ಹೊಂಟಾಗ ತಲ್ಯಾಗ ಒಂದು ಹುಳ ಹೊಕ್ಕಿತು. ಸ್ಟೇಶನ್ನಿನಾಗ ಕೇಳೋ ಮೊದಲನೇ ಪ್ರಶ್ನಿ ಏನು? ಮನಿ ಯಾರ ಕಡೆ ತಗೊಂಡ್ರಿ. ಆ ವರ್ಷದಿಂದ ಹಜ್‌ಗೆ ಹೋಗವರಿಗೂ ಎಲ್ಲಾರಂಗ ಪಾಸ್‌ಪೋರ್ಟ್ ಬೇಕ ಬೇಕು ಅಂತ ಆಗಿತ್ತು. ಚಾಚಾ ಅರ್ಜಿ ಹಾಕಿದ್ರು, ಪೊಲೀಸ್ ವಿಚಾರಣಿ ಆಗೂದು ಬಾಕಿ ಇತ್ತು. ಮ್ಯಾಲೆ ಅವರ ರೇಶನ್ ಕಾರ್ಡು ಇನ್ನೂ ನಮ್ಮ ಮನಿ ನಂಬರಿನ ಮ್ಯಾಲನ ಇತ್ತು, ವಿಚಾರಣಿಗೆ ಪೊಲೀಸರು ಬರೂದೂ ಇಲ್ಲಿಗೇ. ಬಂದೂಕ ಹೊರಗ ಬಂತಂದ್ರ ಪಾಸ್‌ಪೋರ್ಟ್ ನಿಂತಂಗ, ಪಾಸ್‌ಪೋರ್ಟ್ ನಿಂತ್ರ ಹಜ್ ನಿಂತಂಗ. ಹಜ್‌ಗೆ ಅಂತನ ಇದ್ದೊಂದು ಮನಿ ಮಾರಿದ ಮುದುಕಗ ಮುಂದಿನ ವರ್ಷ ಹೋಗ್ರಿ ಅಂತ ಯಾವ ಬಾಯ್ಲೆ ಹೇಳೂದು. ಚಪ್ಪಲಿ ಬಿಟ್ಟು ಒಳಗ ಬಂದೆ.

ಚಾಚಾಗ ಫೋನ್ ಮಾಡಿ ಕೇಳೂಣು ಅಂದ್ರು ಮನಿಯವ್ರು. ನಾನು ಬ್ಯಾಡ ಅಂದೆ. ಫೋನು ಮಗಳ ಮನ್ಯಾಗ, ಕಿವಿ ಇಡೀ ಮನೀವು. ಮ್ಯಾಲೆ ಚಾಚಾ ಸುಳ್ಳು ಹೇಳಾಕ ಬಾರದ ಮನಷ್ಯಾ, ಮಾಳಿಗಿ ಮಾತು ಬಿಟ್ಟು. ಗೊತ್ತಾಗೇತಿ ಅಂತ ತಿಳದ್ರ ತಾವ ಹೋಗಿ ಸ್ಟೇಶನ್ನಿನಾಗ ಕೈ ಕಟ್ಟಿ ನಿಂದ್ರತಿದ್ರು. ಅದಕ್ಕ ಹಜ್ ಮುಗಿಯೂತನಕ ಬಾಯಿ ಹೊಲಕೊಂಡು ಇರೂದು, ಆಮ್ಯಾಲೆ ನೋಡೂದು ಅಂತ ಠರಸಿದ್ವಿ.

ಠರಸಿದ್ವಿ ಅಂದೆ, ಆದ್ರ ಮನಿಯವರಿಗೆ ಊಟ ಸೇರಲಿಲ್ಲ. ನಾಕ್ ದಿನ ಬಿಟ್ಟು ತಾವ ಒಂದು ಉಪಾಯ ತಗದ್ರು. ಸಾಲಿಯ ಭಾರತದ ನಕಾಶಿ, ಗ್ವಾಡಿಗೆ ತೂಗು ಹಾಕೂದು, ಅದರಾಗ ಬಂದೂಕ ಇಟ್ಟು ಸುತ್ತಿ ಸುತಳಿ ಕಟ್ಟಿದ್ರು. ನರಗುಂದದ ಬಸ್ ಹತ್ತಿ, ಚಿಕ್ಕನರಗುಂದದ ಕಡೆ ಇಳದು, ಕಾಲುವ್ಯಾಗ ಒಗದು ಬರೂದು. ನಾನು ಸುಮ್ಮನ ಕಳಸಿದೆ, ಹೋಗಿ ಬಂದ್ರ ಗಾಳಿಯರೆ ಬಡೀಲಿ ಅಂತ.

ಕಾಲುವಿ ದಂಡಿ ಮ್ಯಾಲೆ ಅವತ್ತು ಊರಿನ ಹೆಣಮಕ್ಕಳೆಲ್ಲಾ ಅರಿವಿ ಒಗ್ಯಾಕ ಕುಂತಿದ್ರಂತ. ಮಾಸ್ತರ ಮೊದಲು ಅದ ಊರಾಗ ಐದು ವರ್ಷ ಇದ್ದವ್ರು. ಒಬ್ಬಾಕಿ ಗುರುತು ಹಿಡದು ಯಾಕ್ರಿ ಮಾಸ್ತರ ಇಲ್ಲಿ ಅಂದ್ಲು, ಇನ್ನೊಬ್ಬಾಕಿ ಸೆರಗು ಸರಿ ಮಾಡಿಕೊಂಡು ನಕಾಶಿ ಯಾಕ ತಂದೀರಿ ಅಂದ್ಲು. ಕಾಲುವಿ ಯಾವ ಕಡೆ ಹರೀತೈತಿ ಅಂತ ನೋಡಾಕ ಅಂದ್ರಂತ ನಮ್ಮವ್ರು. ಅದಕ್ಕ ನಕಾಶಿ ಯಾಕ್ರಿ, ಕಣ್ಣಿಗೆ ಕಾಣಸಂಗಿಲ್ಲೇನು ಅಂತ ಎಲ್ಲಾರೂ ನಕ್ಕು, ಚಾ ಕುಡಿಸಿ, ಒಬ್ಬಾಕಿ ಮಗ ಇವರ ಹಳೇ ವಿದ್ಯಾರ್ಥಿ ಅಂತ ಅವನ ಮದಿವಿ ಸುದ್ದಿ ಹೇಳಿ, ಬಸ್ ಹತ್ತಿಸಿ ಕಳಸಿದ್ರು. ಕಾಶ್ಮೀರದಿಂದ ಕನ್ಯಾಕುಮಾರಿತನ ಬಂದೂಕ ಇಟಗೊಂಡ ನಕಾಶಿ ಹಂಗ ತಿರುಗಿ ಮನಿಗೆ ಬಂತು. ನಾನು ನಕ್ಕದ್ದಕ್ಕ ಅವ್ರು ಎರಡು ದಿನ ಮಾತಾಡಲಿಲ್ಲ.

ಕಡೀಕ ಅಡಗಿ ಮನಿ ಬಾಗಲ ಬಾಜೂಕ ಇದ್ದ ಜೋಳದ ಪೀಪಾಯಿಯಾಗ ಬಂದೂಕ ಹುಗದು ಮ್ಯಾಲೆ ಮುಚ್ಚಳ ಹಾಕಿದೆ. ಪಟ್ಟಾಪಟ್ಟಿ ಅರಿವಿ ಒಗದು, ಮಡಚಿ, ಟ್ರಂಕಿನಾಗ ನನ್ನ ಸೀರಿ ಕೆಳಗ ಇಟ್ಟೆ. ಸುಡಬೇಕಂತನ ಇದ್ದೆ, ಕೈ ಬರಲಿಲ್ಲ.

ಹೊಸಾ ಮನಿಗೆ ಕುರ್ಚಿ ಇನ್ನೂ ಬಂದಿದ್ದಿಲ್ಲ. ಒಂದು ದಿನ ಸಂಜಿ ಮುಂದ ಹವಾಲ್ದಾರ್ರು ಬಂದ್ರು. ಚಾಚಾನ ಪಾಸ್‌ಪೋರ್ಟಿನ ಕಾಗದ ಕೈಯಾಗ ಇತ್ತು. ಕುಂಡ್ರಿ ಅಂತ ಹೇಳಿ ಚಾಪಿ ತರಾಕ ಒಳಗ ಹೋಗಿ ಬರೂದರಾಗ, ಮೊಣಕಾಲು ನೋವಂತ, ಪೀಪಾಯಿ ಮ್ಯಾಲನ ಕುಂತಿದ್ರು. ಭಾರಿ ಆಳು. ಮುಚ್ಚಳ ಕಿರ್ ಅಂತು. ಅವ್ರು ಕುಂತಲ್ಲೆ ಕುಂತು, ಮುದುಕ ಹ್ಯಾಂಗ, ಯಾರ ಕೂಡರೆ ಜಗಳ ಗಿಗಳ, ಕೇಸು ಗೀಸು ಅಂತ ಕೇಳಿದ್ರು. ದೇವರಂಥಾ ಮನಷ್ಯಾರಿ ಅಂದೆ. ಮಾಳಿಗಿ ಬಿಟ್ಟು ಅಂತ ಬಾಯಿತನ ಬಂದಿದ್ದನ್ನ ನುಂಗಿದೆ. ಆಜೂಬಾಜೂದವರು ಇಬ್ಬರು ಸಹಿ ಮಾಡಬೇಕಿತ್ತು. ಹಬ್ಬದ ಬೆನ್ನಿಗೆ ಬರ್ತೀನಿ, ಸಹಿ ಮಾಡಿಸಿ ಇಡ್ರಿ ಅಂತ ಕಾಗದ ಕೊಟ್ಟು, ಚಾ ಕುಡದು ಎದ್ದು ಹೋದ್ರು. ಅವ್ರು ಹೋದ ಮ್ಯಾಲೆ ನಾನೂ ಅದ ಪೀಪಾಯಿ ಮ್ಯಾಲೆ ಕುಂತೆ.

ಇಷ್ಟೆಲ್ಲಾ ಲೆಕ್ಕ ಹಾಕಿದ ನಾನು ನಮ್ಮತ್ತಿಯನ್ನ ಲೆಕ್ಕಕ್ಕ ಹಿಡಿದಿದ್ದಿಲ್ಲ. ಅವ್ರು ನರೇಗಲ್ಲಿನ ಮಗಳ ಮನಿಗೆ ಹೋಗಿದ್ದವ್ರು ದಸರಾಕ ತಿರುಗಿ ಬಂದ್ರು. ಖಂಡೇ ಪೂಜಿ ದಿನ ಮುಂಜಾನೆ ನಾನೂ ಮನಿಯವ್ರೂ ಚೆಂಡು ಹೂವು, ಕಬ್ಬು ತರಾಕ ಪ್ಯಾಟಿಗೆ ಹೋಗಿದ್ವಿ. ನಮ್ಮತ್ತಿ ರೊಟ್ಟಿಗೆ ಅಂತ ಜೋಳ ತಗ್ಯಾಕ ಪೀಪಾಯಿಯಾಗ ಕೈ ಹಾಕ್ಯಾರ.

ಬೇರೆ ಯಾರರೆ ಆಗಿದ್ರ ಚೀರತಿದ್ರು. ನಮ್ಮತ್ತಿಗೆ ಬಂದದ್ದು ಸಿಟ್ಟು. ಖಂಡೇ ಪೂಜಿ ದಿನ ಮನ್ಯಾಗಿನ ಕಬ್ಬಿಣ ಅಂಬೂ ಕಬ್ಬಿಣ ಎಲ್ಲಾ ತೊಳದು ಪೂಜಿಗೆ ಇಡಬೇಕು, ಒಂದು ಸೂಜಿ ಬಿಟ್ರೂ ಆ ಸೂಜಿ ವರ್ಷಿಡೀ ಕೈಗೆ ಚುಚ್ಚತೈತಿ ಅನ್ನೋ ಹೆಣಮಗಳು. ಅಂಥಾದ್ರಾಗ ಇಷ್ಟುದ್ದ ಕಬ್ಬಿಣ ತುಕ್ಕು ಹಿಡಸಿ ಜೋಳದಾಗ ಹುಗದೀರಲ್ಲ, ನಿಮಗ ಬುದ್ಧಿ ಯಾವಾಗ ಬರತೈತಿ ಅಂತ ಬಾಗಲದಾಗನ ಶುರು ಮಾಡಿದ್ರು. ನಾವು ಬರೂದರಾಗ ಹುಣಸಿ ಹಣ್ಣು, ಬೂದಿ ಹಚ್ಚಿ ತಿಕ್ಕಿ, ಒಳ್ಳೆಣ್ಣಿ ಸವರಿ ಮುಗದಿತ್ತು. ಪಡಸಾಲ್ಯಾಗ ಮಣಿ ಹಾಕಿ ಕುಡಗೋಲು, ಕೊಡ್ಲಿ, ಈಳಿಗಿ, ಸುತ್ತಿಗಿ, ಮಾಸ್ತರ ಸ್ಕೂಟರಿನ ಪಾನಾ, ನನ್ನ ಕೈವಾರ, ನಡುವ ಈಬತ್ತಿ ಹಚ್ಚಿದ ಬಂದೂಕ. ಗ್ಯಾಸಿನ ಲೈಟರಿಗೂ ಕುಂಕುಮ ಬಿದ್ದಿತ್ತು.

ನಾನು ತಗ್ಯಾಕ ಹೋದೆ. ನಮ್ಮತ್ತಿ ಕೈ ಹಿಡದ್ರು. ಕೂಡಿಸಿದ ಮ್ಯಾಲೆ ನಾಳೆ ಬನ್ನಿ ಮುಡದು ಬಂದು ಕದಲಿಸೂತನಕ ಮುಟ್ಟಂಗಿಲ್ಲ ಅಂದ್ರು. ಚಾಚಾನ ಹಜ್, ಪಾಸ್‌ಪೋರ್ಟ್ ಎಲ್ಲಾ ಬಿಡಿಸಿ ಹೇಳಿದೆ. ಕೇಳಿ ಅವರೂ ಮಾರಿ ಸಣ್ಣದು ಮಾಡಿದ್ರು, ಚಾಚಾನ ಹೆಂಡ್ತಿ ಇವರ ಗೆಳತಿ. ಆದ್ರ ಕದಲಿಸಾಕ ಒಪ್ಪಲಿಲ್ಲ. ಕಡೀಕ ತಂದ ಚೆಂಡು ಹೂವೆಲ್ಲಾ ಅದರ ಮ್ಯಾಲೆ ಸುರುವಿದೆ. ಮಾಲಿ ಮ್ಯಾಲೆ ಮಾಲಿ ಹಾಕಿ ಏನೂ ಕಾಣದಂಗ ಮಾಡಿದೆ. ಈ ವರ್ಷ ಅಕ್ಕಾರ ಮನ್ಯಾಗ ಪೂಜಿ ಭಾಳ ಜೋರು ಅಂತ ಓಣಿಯವ್ರು ಹೊಗಳಿ ಹೋದ್ರು.

ಮರುದಿನ ಬನ್ನಿ ಹಬ್ಬ. ಸಂಜಿಗೆ ಮಂದಿ ಬನ್ನಿ ಕೊಡಾಕ ಮನಿ ಮನಿಗೆ ತಿರಗತಾರ, ಸಣ್ಣವ್ರು ದೊಡ್ಡವರ ಕಾಲು ಮುಟ್ಟತಾರ, ಬನ್ನಿ ಕೊಟ್ಟು ಬಂಗಾರದಂಗ ಇರೂಣು ಅಂತಾರ. ಅವತ್ತು ಬಾಗಲಾ ಹಾಕಿದ ಮನಿ ಇರೂದಿಲ್ಲ. ಹವಾಲ್ದಾರ್ರೂ ಬಂದ್ರು. ಬನ್ನಿ ಕೊಟ್ಟಂಗೂ ಆತು, ಕಾಗದ ಒಯ್ದಂಗೂ ಆತು ಅಂತ ಚಾಪಿ ಮ್ಯಾಲೆ ಕುಂತ್ರು. ಬಾಜೂ ಮನಿಯವ್ರೂ ನಮ್ಮವ್ರೂ ಸಹಿ ಮಾಡಿದ್ದ ಕಾಗದ ಕೊಟ್ಟೆ, ನಮ್ಮತ್ತಿ ಹೋಳಿಗಿ ತುಪ್ಪ ಹಾಕಿದ್ರು. ಹವಾಲ್ದಾರ್ರು ಬರೆಯೂದೊಂದು ಸಾಲು ಬಾಕಿ. ಎರಡು ಹೋಳಿಗಿ ತಿಂದು ಬರದು ಎದ್ದು ಹೋದ್ರ ಮುಗೀತು ಅಂತ ನಾನು ಮನಸಿನಾಗನ ಹೋಳಿಗಿ ಎಣಸಾಕ ಹತ್ತಿದ್ದೆ.

ಎರಡನೇ ಹೋಳಿಗಿ ಅರ್ಧ ಆದಾಗ ಬಾಗಲದಾಗ ಚಾಚಾ.

ಹಜ್‌ಗೆ ಹೋಗವ್ರು ಹೋಗೂ ಮೊದಲು ತಮಗ ಗೊತ್ತಿದ್ದವರ ಮನಿ ಮನಿಗೆ ಹೋಗಿ, ಅಂದದ್ದು ಆಡಿದ್ದು ಮಾಫ್ ಮಾಡ್ರಿ ಅಂತ ಕೇಳಿ ಬರೂದು ಅವರ ಪದ್ಧತಿ. ಬನ್ನಿ ದಿನ ಎಲ್ಲಾರೂ ಮನ್ಯಾಗ ಸಿಗತಾರ ಅಂತ ಚಾಚಾ ಅವತ್ತ ಗಜೇಂದ್ರಗಡದ ಬಸ್ ಹತ್ತಿ ಬಂದಿದ್ರು. ಇಸ್ತ್ರಿ ಮಾಡಿದ ಬಿಳೇ ಅಂಗಿ, ಕೈಯಾಗ ಬನ್ನಿ ಎಲಿ. ನಮ್ಮತ್ತಿಗೆ ಬನ್ನಿ ಕೊಟ್ರು, ಮನಿಯವರನ್ನ ಅಪ್ಪಿಕೊಂಡ್ರು, ಹವಾಲ್ದಾರ್ರಿಗೂ ಕೊಟ್ರು. ಆಮ್ಯಾಲೆ ಪೂಜಿಗೆ ಕೈ ಮುಗಿಯಾಕ ಹೊಳ್ಳಿದ್ರು. ಒಂದು ದಿನದ ಹೂವು ಬಾಡಿ ಕುಸದಿತ್ತು. ಅರ್ಧ ಗೆದ್ದಲಿ ತಿಂದ ಹಿಡಿಕಿ ಹೊರಗ ಕಾಣತಿತ್ತು.

ಚಾಚಾ ಅಲ್ಲೆ ಕೆಳಗ ಕುಂತ್ರು. ನಾನು ಲಗೂನ ಹೋಗಿ ತಾಟು ಹಿಡದು, ಹೋಳಿಗಿ ತಗೋರಿ ಚಾಚಾ ಅಂದೆ. ನಮ್ಮತ್ತಿ ತುಪ್ಪದ ಗಿಂಡಿ ತಂದ್ರು. ನಮ್ಮ ಮನಿಯವ್ರು ಏನೂ ತೋಚದ ಟೀವಿ ಹಚ್ಚಿ ಸಪ್ಪಳ ದೊಡ್ಡದು ಮಾಡಿದ್ರು. ಚಾಚಾ ಟೀವಿಗಿಂತಾ ಜೋರಾಗಿ ಹೇಳಿದ್ರು.

"ಹೋಳಿಗಿ ಆಮ್ಯಾಲೆ ಬೇಟಿ. ಇದು ನಂದು. ಇದನ್ನ ಹೊಟ್ಟ್ಯಾಗ ಇಟಗೊಂಡು ನಾ ಅಲ್ಲಿಗೆ ಹ್ಯಾಂಗ ಹೋಗ್ಲಿ?"

ಮನಿಯವ್ರು ಟೀವಿ ಬಂದ್ ಮಾಡಿದ್ರು. ಚಾಚಾ ಎಲ್ಲಾ ಹೇಳಿದ್ರು. ಅವರಪ್ಪ ನರಗುಂದದ ಕಡೆ ಒಬ್ಬ ಜಮೀನ್ದಾರರ ಹೊಲದಾಗ ಶೇಂಗಾ ಕಾಯತಿದ್ರಂತ, ಹಂದಿ ಬೆದರಸಾಕ ಆ ಬಂದೂಕ ಕೊಟ್ಟಿದ್ರಂತ. ಜಮೀನ್ದಾರರೂ ಹೋದ್ರು, ಅಪ್ಪನೂ ಹೋದ, ಬಂದೂಕ ಮನ್ಯಾಗ ಉಳೀತು. ಲೈಸನ್ಸ್ ಯಾರ ಹೆಸರಿಗಿತ್ತೋ ಏನೋ. ಇಪ್ಪತ್ತು ವರ್ಷದ ಹುಡುಗ, ಅಂಜಿ, ಗಾದಿ ಅರಿವ್ಯಾಗ ಹೊಲದು ಗ್ವಾಡ್ಯಾಗ ಇಟ್ಟು ಗಿಲಾವು ಮಾಡಿದ. ನಾಳೆ ಹೋಗಿ ಕೊಡೂಣು, ನಾಳೆ ಕೊಡೂಣು ಅಂತ ಐವತ್ತು ವರ್ಷ ಆತು. ಮನಿ ಮಾರೂ ದಿನ ಹೇಳಬೇಕಂತ ಬಾಯಿ ತಗದ್ರಂತ, ಕೆಮ್ಮು ಬಂತಂತ.

ಹವಾಲ್ದಾರ್ರು ಬಾಯಾಗಿನ ಹೋಳಿಗಿ ನುಂಗಲಾರದ ಕುಂತಿದ್ರು. ನಾ ಬನ್ನಿ ಕೊಡಾಕ ಬಂದೀನಿ ಚಾಚಾ ಅಂದ್ರು. ಅದರ ಅರ್ಥ ಏನಂತ ನಮ್ಮ ಮೂರನೇತ್ತಾ ಹುಡುಗ್ರಿಗೂ ತಿಳೀತಿತ್ತು. ಚಾಚಾಗ ತಿಳೀಲಿಲ್ಲ, ಇಲ್ಲಾ ತಿಳಕೊಳ್ಳಾಕ ಒಲ್ಲೆ ಅಂದ್ರು. ಬರಕೋರಿ ಸಾಹೇಬ್ರ, ಏನಾಗತೈತೋ ಆಗ್ಲಿ ಅಂತ ಅಂಗಲಾಚಿದ್ರು. ಕೇಳಿದ ಮ್ಯಾಲೆ ಹವಾಲ್ದಾರ್ರರೆ ಏನು ಮಾಡಬೇಕು. ಕೈ ತೊಳಕೊಂಡು ಬಂದು, ಜೋಲು ಮಾರಿ ಹಾಕಿ, ಕಿಸೇದಿಂದ ಪೆನ್ನು ತಗದ್ರು. ಆ ಪೆನ್ನು ನೋಡಿದ ಕೂಡ್ಲೆ ನನಗ ಸಿಟ್ಟು ನೆತ್ತಿಗೇರಿತು. ಯಾತಕ್ಕ ಅಂತ ಇವತ್ತಿಗೂ ಗೊತ್ತಿಲ್ಲ. ಸುಳ್ಳು ಹೇಳಬೇಕಾದಾಗ ಮುದುಕ ಖರೇ ಹೇಳಿದ್ದಕ್ಕೋ, ಖರೇ ಹೇಳಬೇಕಾದಾಗ ಐವತ್ತು ವರ್ಷ ಸುಮ್ಮನಿದ್ದದ್ದಕ್ಕೋ.

ಒಳಗ ಹೋಗಿ ಟ್ರಂಕಿನಿಂದ ಖರೀದಿ ಪತ್ರ ತಂದೆ. ಆ ಸಾಲು ಬೊಟ್ಟು ಇಟ್ಟು, ಸಾಲ್ಯಾಗ ಓದಿಸಿದಂಗ ಬಿಡಿಸಿ ಓದಿದೆ. ನಿಧಿ, ನಿಕ್ಷೇಪ, ಜಲ, ಪಾಷಾಣ.

"ಸಹಿ ಇವ್ರದು, ಮನಿ ನಂದು. ಮಾರಿದ ದಿನದಿಂದ ಗ್ವಾಡ್ಯಾಗ ಇದ್ದದ್ದೂ ನಂದು. ಯಾರ ಹೆಸರು ಬರೀಬೇಕಂದ್ರ ನಂದು ಬರೀರಿ, ಹವಾಲ್ದಾರ್ರ."

ಹವಾಲ್ದಾರ್ರು ಪತ್ರ ತಗೊಂಡು ತಾವೂ ಎರಡು ಸಲ ಓದಿದ್ರು. ಕಾಯ್ದೆ ಹಂಗ ಹೇಳತೈತೋ ಇಲ್ಲೋ ಅಂತ ಅವರಿಗೂ ಗೊತ್ತಿದ್ದಿಲ್ಲ, ನನಗೂ ಗೊತ್ತಿದ್ದಿಲ್ಲ.

"ಹೆಚ್ಚು ಕಡಿಮಿ ಆದ್ರ ನಿಮ್ಮ ನೌಕರಿಗೆ ಬರತೈತಿ, ಅಕ್ಕಾರ."

"ಬರ್ಲಿ" ಅಂದೆ.

ಅವ್ರು ಪಾಸ್‌ಪೋರ್ಟಿನ ಕಾಗದ ತೊಡಿ ಮ್ಯಾಲೆ ಇಟಗೊಂಡು ಒಂದು ಸಾಲು ಬರದು, ಸಹಿ ಹಾಕಿ, ಮಡಚಿ ಕಿಸೇದಾಗ ಇಟಗೊಂಡ್ರು. ಏನು ಬರದ್ರಿ ಅಂತ ನಾನು ಮಾರಿ ನೋಡಿದೆ. ನಡತೆ ಉತ್ತಮ ಅಂತ ಬರದೀನಿ, ಸುಳ್ಳೇನಲ್ಲಲ ಅಂದ್ರು. ನಾಳೆ ನೀವು ಬಂದೂಕ ತಗೊಂಡು ಸ್ಟೇಶನ್ನಿಗೆ ಬರ್ರಿ, ಗ್ವಾಡಿ ಬಿದ್ದಾಗ ಸಿಕ್ತು ಅಂತ ನಿಮ್ಮ ಕೈಯಾರೆ ಅರ್ಜಿ ಬರದು ಕೊಡ್ರಿ ಅಂತ ಹೇಳಿ, ನಮ್ಮತ್ತಿ ಕಾಲು ಮುಟ್ಟಿ ಎದ್ರು.

ಚಾಚಾ ಇನ್ನೂ ಒಪ್ಪವೊಲ್ರು. ತಮ್ಮ ಪಾಪ ನನ್ನ ಕೊರಳಿಗೆ ಹಾಕಿ ಹ್ಯಾಂಗ ಹೋಗೂದು ಅಂತ ಕಣ್ಣಾಗ ನೀರು ತಂದ್ರು. ನೀವು ಮಾರೀರಿ, ನಾ ತಗೊಂಡೀನಿ, ಮಾರಿದ್ದನ್ನ ತಿರುಗಿ ಕೇಳಬ್ಯಾಡ್ರಿ ಅಂದೆ. 

"ಹಂಗಾದ್ರ ಮಾಫ್ ಮಾಡೀನಿ ಅಂತ ಬಾಯಿ ಬಿಟ್ಟು ಅನ್ನು ಬೇಟಿ."

ಪಡಸಾಲ್ಯಾಗ ಎಲ್ಲಾರ ಕಣ್ಣೂ ತೇವ ಆಗಿದ್ವು. ಅಂಥಾ ಹೊತ್ತಿನಾಗ ನನ್ನ ನಾಲಿಗಿ ಸುಮ್ಮನ ಇರೂದಿಲ್ಲ, ಹುಟ್ಟಾ ಗುಣ.

"ಬಂದೂಕ ಮಾಫ್. ಮಾಳಿಗಿ ಇಲ್ಲ."

ಎಲ್ಲಾರೂ ನಕ್ಕರು. ಬಾಗಲದಾಗ ಬೂಟು ಹಾಕತಿದ್ದ ಹವಾಲ್ದಾರ್ರು ಗ್ವಾಡಿ ಹಿಡಕೊಂಡು ನಕ್ಕರು. ಚಾಚಾನೂ ನಕ್ಕರು, ಆದ್ರ ಉಳಿದವರಿಗಿಂತಾ ಮೊದಲ ನಗು ನಿಲ್ಲಿಸಿದ್ರು. ಅದನ್ನ ನೋಡಿದೆ, ನೋಡಿ ಬಿಟ್ಟೆ.

ಮರುದಿನ ಬಂದೂಕ ಕೊಟ್ಟು ಬಂದೆ. ಅದ ವಾರ ಹಿಡದ ಮಳಿ ನಮ್ಮ ಕಡೆಯವ್ರು ಯಾರೂ ಮರಿಯೂದಿಲ್ಲ. ಊರೂರಿಗೆ ಮಣ್ಣಿನ ಮನಿ ಕುಸದ್ವು, ಹಳ್ಳ ಹೊಲಕ್ಕ ನುಗ್ಗಿದ್ವು, ನಮ್ಮ ಮನಿ ಸೋರಿದ್ರೂ ನಿಂತಿತು. ನನ್ನ ಅರ್ಜಿ ಮ್ಯಾಲೆ ಇನ್ನೊಂದು ಸಹಿ ಬೇಕಂತ ಸ್ಟೇಶನ್ನಿಗೆ ಮತ್ತ ಕರಸಿದಾಗ, ಮನಿ ಬಿದ್ದವ್ರು ಜಗಲಿ ತುಂಬ ಕುಂತಿದ್ರು. ಬಂದೂಕ ನೋಡಾಕ ಯಾರಿಗೂ ಪುರಸೊತ್ತು ಇದ್ದಿಲ್ಲ. ಸಾಹೇಬ್ರು ನಳಿಗ್ಯಾಗ ಒಂದು ಕಡ್ಡಿ ಹಾಕಿ ನೋಡಿ, ಕಡ್ಡಿ ಎರಡು ಬೊಟ್ಟು ಒಳಗ ಹೋಗಿ ನಿಂತದ್ದಕ್ಕ, ಒಳಗೆಲ್ಲಾ ತುಕ್ಕು ತುಂಬಿ ಕಲ್ಲಾಗೇತಿ, ಇದರಿಂದ ಗುಬ್ಬಿನೂ ಸಾಯೂದಿಲ್ಲ ಅಂದ್ರು. ಆದ್ರೂ ಮೂರು ತಿಂಗಳು ಹೆಡ್ ಅಕ್ಕಾರು ನನ್ನ ಕರದಾಗೆಲ್ಲಾ ನೌಕರಿ ಹೋತು ಅನಕೊಂಡು ಹೋಗತಿದ್ದೆ. ಒಂದು ಸಲ ಬಿಸಿಯೂಟದ ಬ್ಯಾಳಿಗೆ, ಒಂದು ಸಲ ಹಾಜರಿ ಪುಸ್ತಕಕ್ಕ. ಬಂದೂಕಿನ ಕಾಗದ ಬರಲೇ ಇಲ್ಲ.

ಚಾಚಾ ಹೋಗಿ ಬಂದ್ರು. ಖಜೂರಿ ತಂದ್ರು, ಬಾಟ್ಲಿಯಾಗ ಜಮ್ ಜಮ್ ನೀರು ತಂದ್ರು, ನಮ್ಮತ್ತಿಗೆ ಒಂದು ಜಪದ ಮಣಿ ಸರ ತಂದ್ರು. ನಮ್ಮತ್ತಿ ಅದನ್ನ ದೇವರ ಮಾಡದಾಗ ರುದ್ರಾಕ್ಷಿ ಬಾಜೂಕ ತೂಗು ಹಾಕಿದ್ರು, ಇನ್ನೂ ಅಲ್ಲೆ ಐತಿ.

ಬ್ಯಾಸಗಿ ಮುಗಿಯೂ ಮುಂದ ಒಂದಿನ ಮುಂಜಾನೆ ಮನಿ ಮುಂದ ಟಂಟಂ ಗಾಡಿ ಬಂದು ನಿಂತಿತು. ತುಂಬ ಸವಳ ಮಣ್ಣು. ಮಳಿಗಾಲದ ಮೊದಲು ಮಾಳಿಗಿ ಮ್ಯಾಲೆ ಹಾಕಿ ಬಡದ್ರ ನೀರು ಹಿಡಿಯೂ ಮಣ್ಣು. ಮುಂದ ಚಾಚಾ ಕುಂತಿದ್ರು, ತಲಿಗೆ ಟವೆಲ್ ಸುತ್ತಿದ್ರು. ನಾನು ಹೊರಗ ಬರೂದರಾಗ ಏಣಿ ಹಚ್ಚಿ ಅರ್ಧ ಏರಿದ್ರು. ಎಪ್ಪತ್ತು ದಾಟಿದ ಮುದುಕ. ಇಳೀರಿ, ಆಳು ಹಚ್ಚೂಣು ಅಂತ ಕೆಳಗಿಂದ ಬೈದೆ. ಏಣಿ ಮ್ಯಾಲೆ ನಿಂತ ಹೇಳಿದ್ರು. ಅಲ್ಲಿ ಹಜ್‌ನಾಗ ಆ ದೊಡ್ಡ ಬಯಲಿನಾಗ ಬಿಸಲಾಗ ನಿಂತು ಎಲ್ಲಾರೂ ಅಳಕೋತ ಮಾಫಿ ಬೇಡತಿದ್ರಂತ. ಇವರೂ ಒಂದೊಂದ ನೆನಸಿಕೊಂಡು ಬೇಡಿದ್ರಂತ. ಎಲ್ಲಾ ಮುಗದ ಮ್ಯಾಲೆ ಒಂದು ಉಳೀತಂತ, ನನ್ನ ಮಾಳಿಗಿ.

"ಚಾಚಾ, ನಾ ಚ್ಯಾಷ್ಟಿಗೆ ಅಂದದ್ದರಿ ಅದು."

"ಗೊತ್ತೈತಿ ಬೇಟಿ. ಆದ್ರ ನಾ ಖರೇನ ಸುಳ್ಳು ಹೇಳಿದ್ದೆ."

ಅವತ್ತು ಸಾಲಿ ಸೂಟಿ. ಸೀರಿ ಎತ್ತಿ ಕಟ್ಟಿ ನಾನೂ ಏಣಿ ಬುಡದಾಗ ನಿಂತೆ. ಎರಡು ದಿನ ನಾನು ಬುಟ್ಟಿ ತುಂಬಿ ಕೊಟ್ಟೆ, ಮನಿಯವ್ರು ಏರಿಸಿದ್ರು, ಚಾಚಾ ಹರವಿ, ನೀರು ಚುಮಕಿಸಿ, ಹಲಗೀಲೆ ಬಡದ್ರು. ಎರಡನೇ ದಿನ ಸಂಜಿಗೆ ಮೈತುಂಬ ಮಣ್ಣು ಮಾಡಿಕೊಂಡು ಕೆಳಗ ಇಳದು ನನ್ನ ಮಾರಿ ನೋಡಿದ್ರು. ಮಾಫ್ ರಿ ಚಾಚಾ, ಎಲ್ಲಾ ಮಾಫ್ ಅಂದೆ. ಆಗ, ಬನ್ನಿ ದಿನ ಆಮ್ಯಾಲೆ ಅಂದು ಬಿಟ್ಟಿದ್ದ ಹೋಳಿಗಿ ಕೇಳಿ ಹಾಕಿಸಿಕೊಂಡು ತಿಂದ್ರು.

ಆ ವರ್ಷನೂ ಶ್ರಾವಣದಾಗ ಜಡಿಮಳಿ ಹಿಡೀತು. ಒಳಗಿನ ಖೋಲಿ, ಅದ ಮೂಲಿ, ಅದ ಜಾಗಾ. ಮೊದಲನೇ ಹನಿ ಬಿದ್ದದ್ದನ್ನ ನಾನ ನೋಡಿದೆ. ಸಿಟ್ಟು ಬರ್ಲಿ ಅಂತ ಕಾಯ್ದೆ, ಬರಲಿಲ್ಲ. ಬೋಗೋಣಿ ಇಟ್ಟೆ. ಟಣ್ ಟಣ್ ಅಂತ ಹನಿ ಬೀಳಾಕ ಹತ್ತಿತು, ಅಷ್ಟರಾಗ ಫೋನು ಬಂತು. ಗಜೇಂದ್ರಗಡದಿಂದ ಚಾಚಾ. ಅಲ್ಲೂ ಮಳಿಯಂತ. ಆರಾಮ ಕೇಳಿದ್ರು, ನಮ್ಮತ್ತಿ ಮೊಣಕಾಲು ಕೇಳಿದ್ರು, ನಿಮ್ಮ ಕಡೆ ಮಳಿ ಹ್ಯಾಂಗ ಅಂದ್ರು. ಮುಂದ ಏನು ಕೇಳತಾರ ಅಂತ ನನಗ ತಿಳೀತು. ಫೋನು ಕಿವೀಗೆ ಹಿಡಕೊಂಡ ಟ್ರಂಕು ತಗದು, ಸೀರಿ ಕೆಳಗಿಂದ ಆ ಪಟ್ಟಾಪಟ್ಟಿ ಅರಿವಿ ಎಳದು, ಬೋಗೋಣ್ಯಾಗ ಹಾಕಿದೆ. ಹನಿ ಸಪ್ಪಳ ನಿಂತಿತು.

ಮಾಳಿಗಿ ಹ್ಯಾಂಗೈತಿ ಬೇಟಿ ಅಂತ ಕೇಳಿದ್ರು. ಅವ್ರು ಕೇಳಿದ್ದು ಒಂದ ಸಲ. ಒಂದು ಹನಿನೂ ಸೋರೂದಿಲ್ಲ ಅಂತ ನಾನು ಮೂರು ಸಲ ಹೇಳಿದೆ.